ಸಾವಿನ ಮನೆ ಕುರ್ಚಿ ಕೋಪನ್‌ಹೇಗನ್ ನೋಡಿ ಬಂದದ್ದು

ಹೊರಡುವ ಮುಂಚೆ

ಡೆನ್ಮಾರ್ಕಿನ ಜನ ಕುರ್ಚಿಯ ಮೇಲೆ ಕೂರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿಂದ ಬಂದ ಮೇಲೆ ನನ್ನನ್ನು ಎಲ್ಲರೂ ಕೇಳಿದ್ದು ಅಲ್ಲಿನ ಚಳಿ ಹೇಗಿತ್ತು, ಊಟಕ್ಕೆ ಏನು ಹಾಕಿದರು ಎಂದು. ಕುರ್ಚಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಾನು ಹೋಗಿದ್ದೇ ಕುರ್ಚಿಯ ಕೆಲಸಕ್ಕೆ. ಆ ಜನ ಕುರ್ಚಿ ಮಾಡುತ್ತಾರೆ, ಕೊಳ್ಳುತ್ತಾರೆ, ಅದರ ಮೇಲೆ ಬೆಳಕು ಬಿಡುತ್ತಾರೆ, ಸುತ್ತ ನಿಂತು ತಲೆ ವಾಲಿಸಿ ನೋಡುತ್ತಾರೆ. ಕೂರುವುದು ಮಾತ್ರ ಮೆಟ್ಟಿಲ ಮೇಲೆ, ಕಿಟಕಿ ಕಟ್ಟೆಯ ಮೇಲೆ, ಇಲ್ಲವೇ ಸೈಕಲ್ ಸೀಟಿನ ಮೇಲೆ.

ಕುರ್ಚಿಯ ಬಗ್ಗೆ ಮಾತಾಡುವ ಹಕ್ಕು ನನಗಿದೆ. ಮಧುಗಿರಿಯಲ್ಲಿ ಅಪ್ಪನ ಕಾಲದಿಂದ ನಮ್ಮದು ಶಾಮಿಯಾನದ ಅಂಗಡಿ. ಕೊರಟಗೆರೆಯ ಮದುವೆ, ಕೊಳಾಲದ ಗೃಹಪ್ರವೇಶ, ಶಿರಾದ ರಾಜಕೀಯ ಸಭೆ, ಎಲ್ಲಕ್ಕೂ ನಮ್ಮ ಕುರ್ಚಿ ಹೋಗಿವೆ, ಬಂದಿವೆ, ಕೆಲವು ಬರದೆಯೂ ಉಳಿದಿವೆ. ಯಾವ ನಮೂನೆಯ ಮನುಷ್ಯ ಎಷ್ಟು ಹೊತ್ತಿಗೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಕಾಲು ಮುರಿಯುತ್ತಾನೆ ಎಂದು ಮುಖ ನೋಡಿ ಹೇಳಬಲ್ಲೆ. ಸಾಮಾನ್ಯವಾಗಿ ಅವನು ವರನ ಚಿಕ್ಕಪ್ಪ ಆಗಿರುತ್ತಾನೆ.

ನಮ್ಮಲ್ಲಿ ಎರಡು ತರದ ಕುರ್ಚಿ ಇವೆ. ಒಂದು ಪ್ಲಾಸ್ಟಿಕ್, ಅದಕ್ಕೆ ಬಟ್ಟೆ ತೊಡಿಸಿ ಬೆನ್ನಿಗೆ ಗಂಟು ಕಟ್ಟಿದರೆ ಮದುವೆ ಕುರ್ಚಿ. ಇನ್ನೊಂದು ಮಡಚುವ ಮರದ ಕುರ್ಚಿ. ಅಪ್ಪ ಅಂಗಡಿ ಇಟ್ಟಾಗ ಶಿರಾದ ಒಬ್ಬ ಸಾಬರ ಹತ್ತಿರ ತೇಗದಲ್ಲಿ ಮಾಡಿಸಿದ್ದು. ಒಂದೊಂದರ ಬೆನ್ನಪಟ್ಟಿಯ ಮೇಲೂ ಬಿಳಿ ಪೇಂಟಿನಲ್ಲಿ ‘ತಿ. ಮಧುಗಿರಿ’ ಎಂದು ಅಪ್ಪನೇ ಬರೆದಿದ್ದ. ತಿ ಅಂದರೆ ತಿಮ್ಮಣ್ಣ, ಅವನ ಹೆಸರು. ಪ್ಲಾಸ್ಟಿಕ್ ಬಂದ ಮೇಲೆ ಮದುವೆಯವರು ಮರದ ಕುರ್ಚಿ ಬೇಡ ಅಂದರು. ಅಪ್ಪ ಅವನ್ನು ಸಾವಿನ ಮನೆಗೆ ಅಂತ ಎತ್ತಿಟ್ಟ. ಸಾವಿನ ಮನೆಯಿಂದ ಬಾಡಿಗೆ ಇಸಕೊಳ್ಳುವ ಹಾಗಿಲ್ಲ. ಅಲ್ಲಿಗೆ ಹೋದ ಕುರ್ಚಿ ಮದುವೆ ಚಪ್ಪರಕ್ಕೆ ಹೋಗುವ ಹಾಗಿಲ್ಲ, ಮದುವೆ ಕುರ್ಚಿ ಅಲ್ಲಿಗೆ ಹೋಗುವ ಹಾಗಿಲ್ಲ. ಇದು ಅಪ್ಪ ಮಾಡಿದ ಕಟ್ಟಳೆ, ನಾನೂ ಮುರಿದಿಲ್ಲ. ಹೀಗಾಗಿ ಊರಿಗೆಲ್ಲ ಆ ಕುರ್ಚಿಗಳ ಗುರುತು. ನಮ್ಮ ಟೆಂಪೋ ಮರದ ಕುರ್ಚಿ ಹೇರಿಕೊಂಡು ಬೀದಿಗೆ ಬಂತೆಂದರೆ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ಕೇಳುತ್ತಾರೆ, “ಯಾರ್ ಹೋದ್ರು?” ಮೈಕಿನಲ್ಲಿ ಸಾರಬೇಕಾಗಿಲ್ಲ.

ಇಂಥ ಕುರ್ಚಿಯ ಮೇಲೆ ನನ್ನ ಭಾವಮೈದ ಲೋಕೇಶನ ಕಣ್ಣು ಬಿತ್ತು. ಅವನು ಬೆಂಗಳೂರಿನಲ್ಲಿ ಹಳೆಯ ಮರದ ಸಾಮಾನು ಸಂಗ್ರಹಿಸುತ್ತಾನೆ. ನಮ್ಮಜ್ಜಂದಿರು ಅಟ್ಟಕ್ಕೆ ಎಸೆದದ್ದನ್ನು ಇಳಿಸಿ, ಧೂಳು ಒರೆಸಿ, ವಿಂಟೇಜ್ ಅನ್ನುತ್ತಾನೆ. ಅದಕ್ಕೆ ಕೊಂಚ ಡೊಂಕು ಕಾಲಿದ್ದರೆ ಮಿಡ್ ಸೆಂಚುರಿ ಮಾಡರ್ನ್ ಅನ್ನುತ್ತಾನೆ. ಅವನ ಮನೆಗೆ ಹೋದರೆ ನಾನೂ ನನ್ನ ಹೆಂಡತಿ ಗೌರಿಯೂ ಚಾಪೆಯ ಮೇಲೆ ಕೂರಬೇಕು. ಮನೆ ತುಂಬ ಕುರ್ಚಿ, ಆದರೆ ಒಂದೂ ಕೂರೋಕಲ್ಲ. ನಮ್ಮ ಗೋಡೌನಿಗೆ ಬಂದವನು ಜಾತ್ರೆಯಲ್ಲಿ ಕರು ನೋಡುವವನ ಹಾಗೆ ಕುರ್ಚಿಗಳ ಬೆನ್ನು ಸವರಿದ. ಫೋಟೋ ಹೊಡೆದು ಕೋಪನ್‌ಹೇಗನ್ನಿನಲ್ಲಿ ಇಂಥದೇ ಅಂಗಡಿ ಇಟ್ಟಿರುವ ಕಿರ್ಸ್ಟನ್ ಎಂಬ ಹೆಂಗಸಿಗೆ ಕಳಿಸಿದ. ಎಲ್ಲ ಕುರ್ಚಿಯೂ ತನಗೇ ಬೇಕು, ಆದರೆ ಅವುಗಳ ಕಥೆಯನ್ನು ಯಜಮಾನನ ಬಾಯಿಂದಲೇ ಕೇಳಬೇಕು ಎಂದಳಂತೆ. ಟಿಕೆಟ್ ಲೋಕೇಶನದು, ಬಾಯಿ ನನ್ನದು.

ನನಗೂ ಅರ್ಧ ಮನಸ್ಸಿತ್ತು. ಗೋಡೌನಿನ ಶೀಟು ಸೋರುತ್ತಿತ್ತು, ಗೆದ್ದಲು ಹತ್ತಿತ್ತು. ಹೋಗಿ ನೋಡಿ ಬಂದು ತೀರ್ಮಾನ ಮಾಡೋಣ ಅಂದುಕೊಂಡೆ. ಎದುರಿನ ಟೀ ಅಂಗಡಿಯ ನರಸಿಂಹಯ್ಯ, ಚಿಕ್ಕಂದಿನಿಂದ ನನ್ನ ಜೊತೆಗಾರ, ಗ್ಲಾಸು ತೊಳೆಯುತ್ತಲೇ ತನ್ನ ತೀರ್ಮಾನ ಹೇಳಿದ.

“ಮಾರ್ಕಂಡ್ ಗೀರ್ಕಂಡ್ ಬಂದೀಯ ಕಣ್ಲಾ. ನಾನ್ ಹೋದಾಗ ನಮ್ಮನೆ ಮುಂದೆ ಆ ಗಂಟು ಕಟ್ಟಿರೋ ಪ್ಲಾಸ್ಟಿಕ್ ಹಾಕಿದ್ರೆ ಅಂಗೇ ಎದ್ ಬಂದ್ಬುಡ್ತೀನಿ ನೋಡು.”

ವಿಮಾನ ನಿಲ್ದಾಣ

ಒಂದು ಕುರ್ಚಿಯನ್ನು ಮಾದರಿಗೆಂದು ಜೊತೆಗೆ ಒಯ್ದೆವು. ಗೌರಿ ಅದನ್ನು ಹಳೆಯ ಜಮಖಾನದಲ್ಲಿ ಸುತ್ತಿ ನವಾರದಲ್ಲಿ ಬಿಗಿದಳು. ಬೆಂಗಳೂರಿನಲ್ಲಿ ಅದಕ್ಕೆ ‘ಜೋಪಾನ’ ಎಂಬ ಅರ್ಥದ ಕೆಂಪು ಚೀಟಿ ಅಂಟಿಸಿ ಇಬ್ಬರು ಹಿಡಿದುಕೊಂಡು ಹೋದರು. ನನಗೆ ಯಾರೂ ಚೀಟಿ ಅಂಟಿಸಲಿಲ್ಲ. ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಅರ್ಧ ಭೂಮಿ ದಾಟಿದೆ.

ಅಲ್ಲಿ ಇಳಿದಾಗ ಒಬ್ಬ ಅಧಿಕಾರಿ ಜಮಖಾನ ಬಿಚ್ಚಿಸಿದ. ಬಿಡಿಸಿ ತೋರಿಸು ಅಂದ. ತೋರಿಸಿದೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ಬಗ್ಗಿ ಕೆಳಗೆ ನೋಡಿದ, ಬೆರಳಲ್ಲಿ ತಟ್ಟಿದ. ಬೇಕಾದರೆ ಕೂತು ನೋಡಪ್ಪ ಎಂದು ಕೈ ತೋರಿಸಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ನಮ್ಮಲ್ಲಾಗಿದ್ದರೆ ಪೊಲೀಸು ಮೊದಲು ಕುರ್ಚಿ ಎಳೆದುಕೊಂಡು ಕೂತು, ಆಮೇಲೆ ಇದು ಯಾರದು ಎಂದು ಕೇಳುತ್ತಾನೆ.

ಕೋಪನ್‌ಹೇಗನ್, ಮೊದಲ ದಿನ

ಊರು ಚೊಕ್ಕಟವಾಗಿದೆ. ಅಷ್ಟು ಚೊಕ್ಕಟ ಇದ್ದರೆ ಮನುಷ್ಯನಿಗೆ ಉಗುಳುವುದು ಹೋಗಲಿ, ಸೀನುವುದಕ್ಕೂ ಅಂಜಿಕೆ. ಒಂದು ಗಾಡಿಯೂ ಇಲ್ಲದ ರಸ್ತೆಯ ಅಂಚಿನಲ್ಲಿ ಕೆಂಪು ದೀಪ ನೋಡಿಕೊಂಡು ಹತ್ತಾರು ಜನ ನಿಂತಿದ್ದರು. ನಾನು ದಾಟಿದೆ. ಯಾರೂ ಬಯ್ಯಲಿಲ್ಲ, ಆದರೆ ಒಬ್ಬ ಮುದುಕಿ ನೋಡಿದ ನೋಟಕ್ಕೆ ವಾಪಸು ಬಂದು ಮತ್ತೆ ಹಸಿರು ದೀಪಕ್ಕೆ ದಾಟಿದೆ. ಆ ಚಳಿಯಲ್ಲಿ ಕೂಸುಗಳನ್ನು ಹೋಟೆಲಿನ ಹೊರಗೆ ತಳ್ಳುಗಾಡಿಯಲ್ಲಿ ಮಲಗಿಸಿ, ತಾಯಂದಿರು ಒಳಗೆ ಬೆಚ್ಚಗೆ ಕಾಫಿ ಕುಡಿಯುತ್ತಾರೆ. ಮಟ ಮಟ ಮಧ್ಯಾಹ್ನ ಮೇಜಿನ ಮೇಲೆ ಮೇಣದ ಬತ್ತಿ ಹಚ್ಚುತ್ತಾರೆ. ಕರೆಂಟ್ ಹೋಗದ ಊರಿನ ಜನ ಹೀಗೆ ಆಸೆ ತೀರಿಸಿಕೊಳ್ಳುತ್ತಾರೆ ಅನ್ನಿಸಿತು.

ಊಟದ ಮಾತು ಬೇಡ. ಕಪ್ಪು ಬ್ರೆಡ್ಡಿನ ಮೇಲೆ ತಣ್ಣನೆಯ ಮೀನು. ಮುದ್ದೆಯಷ್ಟೇ ಕಪ್ಪು, ಆದರೆ ನುಂಗಲು ಬಾರದು, ಅಗಿದಷ್ಟೂ ಮುಗಿಯದು.

ನಾವು ಇಳಿದುಕೊಂಡ ಕೋಣೆಯಲ್ಲಿ ಒಂದೇ ಒಂದು ಕುರ್ಚಿ ಇತ್ತು. ತೆಳು ಕಾಲು, ಕಾಗದದ ಹುರಿಯಲ್ಲಿ ಹೆಣೆದ ಸೀಟು. ಅದರ ಮೇಲೆ ಒಂದು ಪುಸ್ತಕ, ಪುಸ್ತಕದ ಮೇಲೆ ಒಂದು ಒಣ ಹೂವು. ಇದು ಅರವತ್ತರ ದಶಕದ್ದು, ಕೈಯಲ್ಲೇ ಹೆಣೆದದ್ದು, ಮುಟ್ಟಬೇಡಿ ಭಾವ ಎಂದು ಲೋಕೇಶ ಹೇಳಿದ. ನಾನೂ ಅರವತ್ತರ ದಶಕದವನೇ, ಕೈಯಲ್ಲೇ ಬೆಳೆಸಿದ್ದು. ಹೂವು, ಪುಸ್ತಕ ಎತ್ತಿಟ್ಟು ಕೂತೆ. ಕಿರ್ ಅಂದಿತು. ಲೋಕೇಶನ ಬಾಯಿಂದ ಬಂದ ಸದ್ದು ಅದಕ್ಕಿಂತ ಜೋರಾಗಿತ್ತು.

ಕುರ್ಚಿಗಳ ಮ್ಯೂಸಿಯಂ

ಮರುದಿನ ಲೋಕೇಶ ನನ್ನನ್ನು ಒಂದು ಮ್ಯೂಸಿಯಮ್ಮಿಗೆ ಕರೆದೊಯ್ದ. ಒಳಗೆ ಒಂದು ದೊಡ್ಡ ಹಜಾರ, ಗೋಡೆಯ ಉದ್ದಕ್ಕೂ ಗೂಡು, ಗೂಡಿಗೊಂದು ಕುರ್ಚಿ. ನಮ್ಮಲ್ಲಿ ದೇವರನ್ನು ಇಡುವ ಎತ್ತರದಲ್ಲಿ ಇಟ್ಟಿದ್ದಾರೆ. ಜನ ಉಸಿರು ಬಿಗಿಹಿಡಿದು ಓಡಾಡುತ್ತಾರೆ. ಒಬ್ಬಳು ಒಂದು ಕುರ್ಚಿಯ ಹಿಂಗಾಲಿನ ಮುಂದೆ ಬಹಳ ಹೊತ್ತು ನಿಂತು ನಿಟ್ಟುಸಿರಿಟ್ಟಳು. ಲೋಕೇಶನಂತೂ ಕೈ ಮುಗಿಯುವುದೊಂದು ಬಾಕಿ.

ನನ್ನ ಕಣ್ಣು ಹೋದದ್ದು ಅಲ್ಲಿನ ಕಾವಲುಗಾರನ ಮೇಲೆ. ವಯಸ್ಸಾದ ಮನುಷ್ಯ, ಕಾಲು ಬದಲಿಸಿ ಬದಲಿಸಿ ನಿಂತಿದ್ದ. ಅಷ್ಟೊಂದು ಕುರ್ಚಿ ಕಾಯುವವನಿಗೆ ಕೂರಲು ಒಂದು ಕುರ್ಚಿ ಇರಲಿಲ್ಲ. ನಾನು ಗೂಡಿನ ಕಡೆ ಕೈ ತೋರಿಸಿ, ಕೂತ್ಕೋ, ನಾನು ನೋಡ್ಕೋತೀನಿ ಎಂದು ಸನ್ನೆ ಮಾಡಿದೆ. ಅವನು ಮಂಡಿ ತಟ್ಟಿಕೊಂಡು ನಕ್ಕ. ಆ ಊರಿನಲ್ಲಿ ನನಗೆ ಇಷ್ಟವಾದ ಮನುಷ್ಯ ಅವನೊಬ್ಬನೇ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದಾಗ ಗೌರಿಯ ಫೋನು ಬಂತು.

“ಏನ್ರೀ, ಲೋಕೇಶನ ಕಡೆಯೋರು ಲಾರಿ ತಂದು ಮರದ್ ಕುರ್ಚಿ ಎಲ್ಲಾ ತುಂಬ್ಕೊಂಡ್ ಹೋದ್ರು. ನೀವೇ ಹೇಳಿದೀರ ಅಂದ್ರು. ಹೇಳಿದ್ರಾ?”

ನಾನು ಹೇಳಿರಲಿಲ್ಲ. ಲೋಕೇಶನನ್ನು ಕೇಳಿದರೆ, ಸುಮ್ಮನೆ ಕ್ಲೀನ್ ಮಾಡಿಸೋಕೆ ಬೆಂಗಳೂರಿಗೆ ತರಿಸಿದೀನಿ ಭಾವ, ನೀವು ಬೇಡ ಅಂದ್ರೆ ವಾಪಸ್ ಕಳಿಸ್ತೀನಿ ಎಂದ. ಮುಖ ನೋಡಿ ಹೇಳಲಿಲ್ಲ, ಫೋನು ನೋಡಿಕೊಂಡು ಹೇಳಿದ. ನನಗೆ ಕೋಪಕ್ಕಿಂತ ಮೊದಲು ಬಂದದ್ದು ಒಂದು ಪ್ರಶ್ನೆ. ಈ ಹೊತ್ತಿನಲ್ಲಿ ಊರಲ್ಲಿ ಯಾರಾದರೂ ತೀರಿಕೊಂಡರೆ ಗೌರಿ ಏನು ಕಳಿಸಬೇಕು? ಗೋಡೌನು ಖಾಲಿ ಇದೆ ಎಂಬುದು ನೆನಪಾಗಿ ಆ ಪರದೇಶದ ಮೆಟ್ಟಿಲ ಮೇಲೆ ನನಗೆ ಕೂರಲಾಗಲಿಲ್ಲ.

ಕಿರ್ಸ್ಟನ್ ಅಂಗಡಿ

ಅದಾದ ಮೂರನೇ ದಿನ ಸಂಜೆ ಕಿರ್ಸ್ಟನ್ ತನ್ನ ಅಂಗಡಿಯಲ್ಲಿ ಹತ್ತಾರು ಗಿರಾಕಿಗಳನ್ನು ಸೇರಿಸಿದ್ದಳು. ಬೆಳ್ಳಿ ಕೂದಲು, ಕರಿ ಬಟ್ಟೆ, ಮೆಲು ಮಾತಿನ ಹೆಂಗಸು. ಹಿಂದಿನ ದಿನ ಲೋಕೇಶ ತಂದುಕೊಟ್ಟ ನಮ್ಮ ಕುರ್ಚಿಯನ್ನು ಬಿಡಿಸಲು ಹೋಗಿ ಬೆರಳು ಸಿಕ್ಕಿಸಿಕೊಂಡಿದ್ದಳು, ಇನ್ನೂ ಪಟ್ಟಿ ಸುತ್ತಿತ್ತು. ಅದರಲ್ಲಿ ಬೆರಳು ಸಿಕ್ಕಿಸಿಕೊಳ್ಳದವರು ನಮ್ಮ ತಾಲೂಕಿನಲ್ಲಿ ಯಾರೂ ಇಲ್ಲ, ಆ ಮಟ್ಟಿಗೆ ಅವಳು ಮಧುಗಿರಿಯವಳಾಗಿದ್ದಳು.

ಕುರ್ಚಿಯನ್ನು ಒಂದು ಬಿಳಿ ಕಟ್ಟೆಯ ಮೇಲೆ ಇಟ್ಟಿದ್ದರು. ಅಕ್ಕಪಕ್ಕ ಮೇಣದ ಬತ್ತಿ. ಯಾರೂ ಕೂರದಿರಲಿ ಎಂದು ಸೀಟಿಗೆ ಅಡ್ಡಲಾಗಿ, ಈ ಕಡೆಯಿಂದ ಆ ಕಡೆಗೆ ಒಂದು ಬಿಳಿ ಹಗ್ಗ ಕಟ್ಟಿದ್ದರು. ಅದನ್ನು ನೋಡಿ ನನಗೆ ಮೈ ಜುಮ್ ಎಂದಿತು. ನಮ್ಮ ಕಡೆ ಕೆಲವು ಮನೆಗಳಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕುರ್ಚಿಯಲ್ಲಿ ಕೂರಿಸುತ್ತಾರೆ. ಮುಂದಕ್ಕೆ ಜಾರದಿರಲಿ ಎಂದು ಹೀಗೇ ಅಡ್ಡಲಾಗಿ ಬಿಳಿ ಪಂಚೆ ಬಿಗಿಯುತ್ತಾರೆ, ಪಕ್ಕದಲ್ಲಿ ದೀಪ ಇಡುತ್ತಾರೆ. ಎಲ್ಲ ಸಿದ್ಧವಾಗಿತ್ತು, ಹೆಣ ಒಂದು ಇರಲಿಲ್ಲ.

ಕಥೆ ಹೇಳಿ ಅಂದರು. ನಾನು ಕನ್ನಡದಲ್ಲಿ ಹೇಳಿದೆ, ಲೋಕೇಶ ಇಂಗ್ಲಿಷಿಗೆ ತಿರುಗಿಸಿದ. ಶಾಮಿಯಾನದ ವ್ಯಾಪಾರಕ್ಕೆ ಸಾಲುವಷ್ಟು ಇಂಗ್ಲಿಷು ನನಗೂ ಬರುತ್ತದೆ. ನಾನು ಸಾಬರು, ತೇಗ, ಅಪ್ಪ ಎಂದೆಲ್ಲ ಹೇಳುತ್ತಿದ್ದರೆ ಅವನ ಬಾಯಲ್ಲಿ ಕೋಟೆ, ಅರಮನೆ, ಪಾಳೇಗಾರರ ಮದುವೆ ಎಂದು ಬರುತ್ತಿತ್ತು. ಮಧುಗಿರಿಯಲ್ಲಿ ಕೋಟೆ ಇರುವುದು ನಿಜ. ಅದರ ಮೇಲೆ ನಮ್ಮ ಕುರ್ಚಿ ಹತ್ತಿದ್ದು ಮಾತ್ರ ನಾನು ಕಂಡಿಲ್ಲ, ಆ ಬಂಡೆ ಹತ್ತಲು ಕುರ್ಚಿ ಹೋಗಲಿ ಮೇಕೆಯೂ ಯೋಚನೆ ಮಾಡುತ್ತದೆ. ಒಬ್ಬ ಹೋಟೆಲ್ ಮಾಲೀಕ ಮುಂದೆ ಬಂದು, ಇವುಗಳನ್ನು ತನ್ನ ಊಟದ ಹಾಲಿನಲ್ಲಿ ಹಾಕಿ ಮದುವೆ ಪಾರ್ಟಿಗಳಿಗೆ ಕೊಡುತ್ತೇನೆ ಎಂದ. ಅಲ್ಲಿಗೆ ನನಗೆ ತಡೆಯಲಾಗಲಿಲ್ಲ.

“ನೋ ವೆಡ್ಡಿಂಗ್” ಎಂದೆ. “ದಿಸ್ ಈಸ್ ಡೆತ್ ಹೌಸ್ ಚೇರ್. ಮ್ಯಾನ್ ಡೈ, ದಿಸ್ ಚೇರ್ ಗೋ. ಫ್ರೀ.”

ಲೋಕೇಶ ಕಣ್ಣು ಮುಚ್ಚಿಕೊಂಡ. ಸದ್ಯ ವ್ಯಾಪಾರ ಮುರಿಯಿತು ಎಂದು ನಾನು ಉಸಿರು ಬಿಟ್ಟೆ. ನಮ್ಮ ಕಡೆ ಈ ಮಾತು ಕೇಳಿದ್ದರೆ ಮದುವೆ ಮನೆಯ ಬೀಗರು ಚಪ್ಪಲಿ ಮೆಟ್ಟಿಕೊಳ್ಳದೆ ಎದ್ದು ಹೋಗುತ್ತಿದ್ದರು. ಕಿರ್ಸ್ಟನ್ ಎದೆಯ ಮೇಲೆ ಕೈ ಇಟ್ಟುಕೊಂಡಳು. ಬ್ಯೂಟಿಫುಲ್ ಅಂದಳು. ಹೋಟೆಲಿನವನೂ ಬ್ಯೂಟಿಫುಲ್ ಅಂದ. ಎಲ್ಲರೂ ಫೋನು ತೆಗೆದು ಸಾವಿನ ಮನೆ ಕುರ್ಚಿಯ ಫೋಟೋ ಹೊಡೆದುಕೊಂಡರು, ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿದರು. ಅವರಿಗೆ ಸಾವೂ ಬೇಕು, ಆದರೆ ಬೇರೆಯವರದ್ದಾಗಿರಬೇಕು, ದೂರದ್ದಾಗಿರಬೇಕು, ಮೇಣದ ಬತ್ತಿಯ ಬೆಳಕಿನಲ್ಲಿ ಚೆನ್ನಾಗಿ ಕಾಣಬೇಕು.

ಈ ಉಮೇದಿನಲ್ಲಿ ಲೋಕೇಶ ತನ್ನ ದೊಡ್ಡ ತಪ್ಪು ಮಾಡಿದ. ಮಿಕ್ಕ ಕುರ್ಚಿಗಳೂ ರೆಡಿ ಎಂದು ಹೆಮ್ಮೆಯಿಂದ ಬೆಂಗಳೂರಿನಿಂದ ಬಂದ ಫೋಟೋ ತೋರಿಸಿದ. ನಮ್ಮವರಿಗೆ ಒಂದು ಚಾಳಿ ಇದೆ. ಏನನ್ನೇ ಯಾರಿಗೇ ಒಪ್ಪಿಸುವ ಮುಂಚೆ ಅದಕ್ಕೆ ಒಂದು ಕೋಟ್ ಹೊಡೆಸದಿದ್ದರೆ ಸಮಾಧಾನವಿಲ್ಲ. ಹಬ್ಬ ಬಂದರೆ ಬೋರ್‌ವೆಲ್ಲಿಗೂ ಬಣ್ಣ, ಮಂತ್ರಿ ಬಂದರೆ ಮೈಲಿಗಲ್ಲಿಗೂ ಬಣ್ಣ. ಅದೇ ಚಾಳಿಯಲ್ಲಿ ಲೋಕೇಶನ ಹುಡುಗರು ನಮ್ಮ ಕುರ್ಚಿಗಳನ್ನೆಲ್ಲ ಉಜ್ಜಿ, ಮೂರು ಕೈ ಪಾಲಿಶ್ ಹೊಡೆದು ಬಿಸಿಲಿಗೆ ಸಾಲಾಗಿ ನಿಲ್ಲಿಸಿದ್ದರು. ಜಿಲೇಬಿಯ ಹಾಗೆ ಹೊಳೆಯುತ್ತಿದ್ದವು.

ಕಿರ್ಸ್ಟನ್ ಫೋಟೋ ನೋಡಿ ತಲೆ ಹಿಡಿದುಕೊಂಡಳು. ನಾನೂ ಹಿಡಿದುಕೊಂಡೆ. ಆ ಇಡೀ ಪ್ರವಾಸದಲ್ಲಿ ನಾವಿಬ್ಬರೂ ಒಂದೇ ಮಾತಿಗೆ ಬಂದದ್ದು ಆಗ ಮಾತ್ರ. ಅವಳಿಗೆ ಹಳೆಯ ಕಲೆ, ಗೀರು, ಸವೆತ ಎಲ್ಲ ಬೇಕಿತ್ತು, ಅವೇ ಹೋಗಿದ್ದವು. ಈ ಹೊಳೆಯುವವು ಬೇಡವೇ ಬೇಡ, ಈ ಒಂದು ಮಾತ್ರ ಸಾಕು, ಇದನ್ನು ಬಿಟ್ಟು ಹೋಗಿ ಎಂದು ಕಟ್ಟೆಯ ಮೇಲಿನ ಕುರ್ಚಿ ತೋರಿಸಿದಳು. ಲೋಕೇಶ ಆಗಲಿ ಎಂದು ತಲೆ ಆಡಿಸಿಬಿಟ್ಟ.

ನಾನು ಕಟ್ಟೆ ಹತ್ತಿದೆ. ಹಗ್ಗ ಬಿಚ್ಚಿದೆ. ಎಲ್ಲರ ಎದುರಿಗೆ ಅಪ್ಪನ ಕುರ್ಚಿಯ ಮೇಲೆ ಕೂತು, ಅಲ್ಲಿದ್ದ ಕಾಫಿ ಇಸಕೊಂಡು ಪೂರ್ತಿ ಕುಡಿದೆ. ಆಮೇಲೆ ಎದ್ದು ಕುರ್ಚಿ ಮಡಚಿ ಕಂಕುಳಿಗೆ ಇಟ್ಟುಕೊಂಡೆ.

“ಭಾವ, ಪ್ಲೀಸ್. ಒಂದೇ ಒಂದು ಕುರ್ಚಿ ಅಲ್ವಾ?” ಎಂದ ಲೋಕೇಶ.

“ನಿಂಗೆ ಕುರ್ಚಿ ಕಣೋ. ನಂಗೆ ಅಪ್ಪಂದು ಅಂತ ಇನ್ ಉಳಿದಿರೋದು ಇದೊಂದೇ” ಎಂದೆ.

ಹೋಗುವಾಗ ಕಿರ್ಸ್ಟನ್ ಬಾಗಿಲ ತನಕ ಬಂದು ಏನೋ ಹೇಳಿದಳು, ದುಃಖದ ದನಿಯಲ್ಲಿ. ನಾನು ಅವಳ ಬೆರಳಿನ ಪಟ್ಟಿ ತೋರಿಸಿ, ಅರಿಶಿನ ಹಚ್ಚಮ್ಮ ಅಂದೆ.

ಮತ್ತೆ ಮಧುಗಿರಿ

ಲೋಕೇಶ ಮಾತಿಗೆ ತಪ್ಪಲಿಲ್ಲ. ಯಾರಿಗೂ ಬೇಡವಾದ ಮೇಲೆ ಮಾತು ಉಳಿಸಿಕೊಳ್ಳುವುದು ಸುಲಭ. ಲಾರಿ ಬಂತು, ಕುರ್ಚಿಗಳು ಇಳಿದವು. ಹತ್ತಿರದಿಂದ ನೋಡಿದಾಗ ನನಗೆ ಅಳುವೇ ಬಂತು. ಬೆನ್ನಪಟ್ಟಿಯನ್ನೂ ಉಜ್ಜಿದ್ದರು. ಅಪ್ಪನ ಅಕ್ಷರ ಒಂದರ ಮೇಲೂ ಇರಲಿಲ್ಲ. ಕೋಪನ್‌ಹೇಗನ್ ನೋಡಿ ಬಂದ ಕುರ್ಚಿಯ ಮೇಲೆ ಮಾತ್ರ ‘ತಿ. ಮಧುಗಿರಿ’ ಹಾಗೇ ಇತ್ತು. ಅದನ್ನು ಅಂಗಡಿಯ ಮೂಲೆಗೆ ಒರಗಿಸಿಟ್ಟೆ.

ನರಸಿಂಹಯ್ಯ ಬಂದು ಹೊಳೆಯುವ ಕುರ್ಚಿಯೊಂದರ ಮೇಲೆ ಕೂತು, ಹಿಂದೆ ಮುಂದೆ ಜಾರಿ ನೋಡಿದ. ಮುಖ ಕಾಣುತ್ತೆ ಕಣ್ಲಾ ಇದ್ರಾಗೆ, ಗಡ್ಡ ಕೆರ್ಕಬೋದು ಎಂದ. ಡೆನ್ಮಾರ್ಕಿನ ಕಥೆಯನ್ನು ಅವನಿಗೆ ದಿನಾ ಹೇಳಬೇಕಾಯಿತು. ಹಸಿರು ದೀಪಕ್ಕೆ ವಾಪಸು ಬಂದು ದಾಟಿದ ಭಾಗ ಬಂದಾಗ ಪ್ರತಿ ಸಲವೂ ಕೆಮ್ಮು ಬರುವ ತನಕ ನಗುತ್ತಿದ್ದ. ಆ ಕೆಮ್ಮನ್ನು ನಾವ್ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಷಾಢದಲ್ಲಿ ಒಂದು ಬೆಳಿಗ್ಗೆ ಅವನ ಟೀ ಅಂಗಡಿ ತೆರೆಯಲಿಲ್ಲ.

ಟೆಂಪೋಗೆ ಹೊಳೆಯುವ ಕುರ್ಚಿಗಳನ್ನೇ ತುಂಬಿಸಿದೆ. ಮರದ್ದು ಮರದ್ದೇ, ಪ್ಲಾಸ್ಟಿಕ್ ಅಂತೂ ಅಲ್ಲ, ಅವನು ಅವತ್ತು ಹೇಳಿದ ಮಾತು ಉಳಿಯಿತು ಅಂದುಕೊಂಡು ಡ್ರೈವರ್ ಪಕ್ಕ ಕೂತೆ. ಬೀದಿಗೆ ಬಂದೆವು. ಒಂದು ಬಾಗಿಲೂ ತೆರೆಯಲಿಲ್ಲ. ಬಟ್ಟೆ ಒಗೆಯುತ್ತಿದ್ದವರು ಒಗೆಯುತ್ತಲೇ ಇದ್ದರು. ತಿರುವಿನಲ್ಲಿ ಹೂವು ಕಟ್ಟುತ್ತ ಕೂತಿದ್ದ ಹನುಮಕ್ಕ, ಅರ್ಧ ಆಯಸ್ಸು ನರಸಿಂಹಯ್ಯನ ಟೀ ಕುಡಿದವಳು, ಟೆಂಪೋ ನೋಡಿ ನಗುನಗುತ್ತ ಕೇಳಿದಳು.

“ಆಷಾಢ್ದಾಗೆ ಯಾರಣ್ಣ ಮದ್ವೆ ಇಟ್ಕಂಡಿರೋರು?”

ಗಾಡಿ ನಿಲ್ಲಿಸು ಅಂದೆ. ಇಳಿದು ಅಂಗಡಿಗೆ ನಡೆದು ಹೋಗಿ, ಮೂಲೆಯಲ್ಲಿದ್ದ ಹಳೆಯ ಕುರ್ಚಿಯನ್ನು ಮಡಚಿದ ಹಾಗೇ ಹೆಗಲಿಗೆ ಹಾಕಿಕೊಂಡೆ. ಅಪ್ಪನ ಅಕ್ಷರ ಹೊರಗೆ ಕಾಣುವ ಹಾಗೆ ತಿರುಗಿಸಿಕೊಂಡೆ. ವಾಪಸು ಬಂದು ಡ್ರೈವರಿಗೆ ಹಿಂದೆ ಮೆಲ್ಲಗೆ ಬಾ ಎಂದು ಹೇಳಿ, ಟೆಂಪೋ ಮುಂದೆ ಬೀದಿಯ ನಡುವೆ ನಡೆದೆ.

ಮೊದಲು ಒಗೆಯುವ ಸದ್ದು ನಿಂತಿತು. ಆಮೇಲೆ ಒಂದು ಬಾಗಿಲು ತೆರೆಯಿತು, ಅದರ ಎದುರಿನದು ತೆರೆಯಿತು. ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದರು. ಹನುಮಕ್ಕ ಕಟ್ಟುತ್ತಿದ್ದ ಹೂವನ್ನು ಮಡಿಲಿಂದ ಕೆಳಗಿಟ್ಟು ಎದ್ದು ನಿಂತಳು.

“ಯಾರಣ್ಣ ಹೋದ್ರು?” ಎಂದು ಕೇಳಿದಳು.